ಗುರುವಿನ ನಾಲ್ಕು ಚಂದ್ರರು ನಾಲ್ಕು ಥರ ಯಾಕೆ?

ಪ್ರಶ್ನೆ:
ತಿಪಟೂರಿನಿಂದ ಬರೆಯುತ್ತಿದ್ದೇನೆ. ಆರನೇ ಕ್ಲಾಸ್ ಓದುವ ಮಗಳಿಗೆ ಹೋದ ವಾರ 10×50 ಬೈನಾಕ್ಯುಲರ್ ತಂದುಕೊಟ್ಟೆ. ಕೈ ನಡುಗಬಾರದು ಅಂತ ಮಹಡಿಯ ನೀರಿನ ಟ್ಯಾಂಕ್ ಮೇಲೆ ದಿಂಬಿಟ್ಟು, ಅದಕ್ಕೆ ಒರಗಿಸಿ ಗುರು ಗ್ರಹ ನೋಡಿದೆವು. ಪಕ್ಕದಲ್ಲಿ ಮೂರು ಚುಕ್ಕಿ, ದಾರದಲ್ಲಿ ಪೋಣಿಸಿದ ಹಾಗೆ. ಮರುದಿನ ನಾಲ್ಕಿದ್ದವು! ಆಮೇಲೆ ಓದಿದರೆ ಒಂದರ ತುಂಬ ಜ್ವಾಲಾಮುಖಿ, ಪಕ್ಕದ್ದರ ಮೇಲೆಲ್ಲ ಮಂಜುಗಡ್ಡೆ. "ಎಲ್ಲಾ ಒಂದೇ ಮನೆಯವು ತಾನೆ ಅಮ್ಮಾ, ಯಾಕೆ ಹೀಗೆ?" ಅಂತಾಳೆ. ಏನು ಹೇಳಲಿ?

ಉತ್ತರ 1:
ಒಳ್ಳೆ ಪ್ರಶ್ನೆ ಕೇಳಿದ್ದಾಳೆ ಮೇಡಂ. ಯಾವುದು ಗುರುವಿಗೆ ಎಷ್ಟು ಹತ್ತಿರ ಅನ್ನೋದರಲ್ಲೇ ಮುಕ್ಕಾಲು ಉತ್ತರವಿದೆ. ಹತ್ತಿರದಿಂದ ದೂರಕ್ಕೆ ಎಣಿಸಿದರೆ ಆ ನಾಲ್ಕು ಚಂದ್ರರು ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ.

ಒಂದು ತುಂಡು ಬೈಂಡಿಂಗ್ ವೈರ್ ಅವಳ ಕೈಗೆ ಕೊಡಿ. ಒಂದೇ ಜಾಗದಲ್ಲಿ ಬೇಗ ಬೇಗ ಆಚೆ ಈಚೆ ಬಗ್ಗಿಸಲಿ. ಬಗ್ಗಿದ ಜಾಗ ಮುಟ್ಟಿದರೆ ಬಿಸಿ ಇರುತ್ತದೆ. ನಾನು ಮೇಷ್ಟ್ರಾಗಿದ್ದಾಗ ಪ್ರತಿ ವರ್ಷ ಮಕ್ಕಳ ಕೈಲಿ ಇದನ್ನು ಮಾಡಿಸುತ್ತಿದ್ದೆ.

ಅಯೋಗೆ ಆಗುತ್ತಿರುವುದೂ ಇದೇ. 42 ಗಂಟೆ ಚಿಲ್ಲರೆಯಲ್ಲಿ ಅದು ಗುರುವನ್ನು ಒಂದು ಸುತ್ತು ಹಾಕುತ್ತದೆ. ದಾರಿ ಪೂರ್ತಿ ದುಂಡಗಿಲ್ಲ. ಹತ್ತಿರ ಬಂದಾಗ ಗುರುವಿನ ಸೆಳೆತ ಜಾಸ್ತಿ, ದೂರ ಹೋದಾಗ ಕಡಿಮೆ. ಹಾಗಾಗಿ ಅದರ ಮೈ ಹಿಗ್ಗುತ್ತಾ ಕುಗ್ಗುತ್ತಾ ಒಳಗೆ ಕಾಯುತ್ತದೆ. ದಾರಿ ದುಂಡಗಾಗಲು ಪಕ್ಕದವು ಬಿಡುವುದಿಲ್ಲ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು. ತಾಳ ತಪ್ಪೋದೇ ಇಲ್ಲ! ಅಯೋದಲ್ಲಿ 400ಕ್ಕೂ ಹೆಚ್ಚು ಜ್ವಾಲಾಮುಖಿಗಳಿರುವುದು ಇದರಿಂದಲೇ. 1979ರಲ್ಲಿ ನಾಸಾದ ವಾಯೇಜರ್ 1 ನೌಕೆ ಕಳಿಸಿದ ಚಿತ್ರದ ಅಂಚಿನಲ್ಲಿ ಕೊಡೆಯಂತೆ ಎದ್ದಿದ್ದ ಹೊಗೆಯನ್ನು ಮೊದಲು ಗುರುತಿಸಿದವರು ಅಲ್ಲಿನ ಎಂಜಿನಿಯರ್ ಲಿಂಡಾ ಮೊರಾಬಿಟೊ.

ಯುರೋಪಾಗೂ ಈ ಕಾವು ಸಿಗುತ್ತದೆ, ಆದರೆ ಕಡಿಮೆ. ಮೇಲೆ ಮಂಜುಗಡ್ಡೆಯ ಚಿಪ್ಪು, ಅಡಿಯಲ್ಲಿ ಹೆಪ್ಪುಗಟ್ಟದ ನೀರು. ಕ್ಯಾಲಿಸ್ಟೊ ಈ ತಾಳಕ್ಕೆ ಸೇರಿಲ್ಲ, ಹಾಗಾಗಿ ಈ ಕಾವೂ ಅಷ್ಟಾಗಿ ಸಿಗುವುದಿಲ್ಲ. ಅದರ ಮೈಮೇಲೆ ಕೋಟ್ಯಂತರ ವರ್ಷದ ಹಳೇ ಕುಳಿಗಳು ಹಾಗೇ ಉಳಿದಿವೆ.

ಹುಟ್ಟಿನದ್ದೂ ಒಂದು ಕಾರಣ. ಎಳೆಯ ಗುರು ಒಲೆಯಂತೆ ಕಾದಿತ್ತು, ಹತ್ತಿರದಲ್ಲಿ ಮಂಜುಗಡ್ಡೆ ನಿಲ್ಲಲಿಲ್ಲ. ಹಾಗಾಗಿ ಅಯೋ ಬಂಡೆ. ಗ್ಯಾನಿಮೀಡ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಮಂಜುಗಡ್ಡೆ. ಅದರ ಅಡ್ಡಳತೆ 5,268 ಕಿ.ಮೀ., ಬುಧ ಗ್ರಹಕ್ಕಿಂತ ದೊಡ್ಡದು. ತೂಕದಲ್ಲಿ ಮಾತ್ರ ಬುಧನ ಅರ್ಧವೂ ಇಲ್ಲ.

ಉತ್ತರ 2:
ಮೊದಲ ದಿನ ಮೂರೇ ಕಂಡಿದ್ದು ಸಹಜ. ನಾಲ್ಕನೆಯದು ಗುರುವಿನ ಹಿಂದೆಯೋ ಮುಂದೆಯೋ ಅದರ ನೆರಳಲ್ಲೋ ಇದ್ದಿರಬೇಕು. ಗೆಲಿಲಿಯೋಗೂ 1610ರ ಜನವರಿ 7ರಂದು ಕಂಡಿದ್ದು ಮೂರು, ನಾಲ್ಕನೆಯದು ಕಂಡಿದ್ದು 13ರಂದು. ದಿನಾ ಒಂದೇ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಚುಕ್ಕಿ ಬರೆಸಿ. ಎರಡು ವಾರದಲ್ಲಿ ಅವಳಿಗೇ ಗೊತ್ತಾಗುತ್ತೆ.

ಉತ್ತರ 3:
ಯುರೋಪಾ ಕಡೆಗೆ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲೇ ಹೊರಟಿದೆ. 2030ಕ್ಕೆ ತಲುಪಬೇಕು. ಅಷ್ಟೊತ್ತಿಗೆ ನಿಮ್ಮ ಮಗಳು ಹೈಸ್ಕೂಲಿನಲ್ಲಿ ಇರುತ್ತಾಳೆ ಅಲ್ವಾ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ತಂತಿ ಮುರಿದೇ ಹೋಯ್ತು ಸರ್. ಬಿಸಿ ತುದಿ ಮುಟ್ಟಿ "ಇದು ಅಯೋ" ಅಂದಳು. ಮೂರು ದಿನದ ಚಿತ್ರ ಆಯ್ತು. ಇವತ್ತು ಎಡಗಡೆ ಒಂದೇ ಒಂದು ಚುಕ್ಕಿ ತುಂಬಾ ದೂರದಲ್ಲಿದೆ. ಯಾವುದದು?

ಉತ್ತರ 1:
ಗುರುವಿನಿಂದ ಅದರ ಅಗಲದ ಎಂಟರಷ್ಟಕ್ಕಿಂತ ಆಚೆ ಇದ್ದರೆ ಕ್ಯಾಲಿಸ್ಟೊನೇ. ಉಳಿದ ಮೂರೂ ಅಷ್ಟು ದೂರ ಹೋಗುವುದಿಲ್ಲ. ಹೆಸರು ಬರೆದುಕೊಳ್ಳಲಿ.