ಆನ್‌ಲೈನ್ ಉಕ್ತಲೇಖನ: ಫೋನೇ ಕಾಗುಣಿತ ತಿದ್ದದಂತೆ ಮಾಡುವುದು ಹೇಗೆ?

ಪ್ರಶ್ನೆ (ಕನ್ನಡ ಶಿಕ್ಷಕಿ, 7ನೇ ತರಗತಿ)
ಗೂಗಲ್ ಫಾರ್ಮ್‌ನಲ್ಲಿ 20 ಪದಗಳ ಉಕ್ತಲೇಖನ ಕೊಡುತ್ತಿದ್ದೇನೆ. ನಾನು ಪದ ಓದುತ್ತೇನೆ, ಮಕ್ಕಳು ಮನೆಯಲ್ಲಿ ಟೈಪ್ ಮಾಡುತ್ತಾರೆ. ಹೆಚ್ಚಿನವು ಆಂಡ್ರಾಯ್ಡ್ ಫೋನ್, ಒಂದೆರಡು ಐಪ್ಯಾಡ್. ಜಿಬೋರ್ಡ್‌ನಲ್ಲಿ (ಗೂಗಲ್‌ನ ಕೀಬೋರ್ಡ್) ಆಟೋ ಕರೆಕ್ಷನ್ ಆಫ್ ಮಾಡಿಸಿಯೂ ಆಯಿತು. ಆದರೂ ನೋಟ್‌ಬುಕ್ಕಿನಲ್ಲಿ ‘ವಿಧ್ಯಾರ್ಥಿ’, ‘ಶುಭಾಷಯ’ ಎಂದು ಬರೆಯುವವರೆಲ್ಲ ಫಾರ್ಮ್‌ನಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದಾರೆ. ಇನ್ನೇನು ಆಫ್ ಮಾಡಿಸಬೇಕು?

ಉತ್ತರ 1
ಮೇಡಂ, ಮಕ್ಕಳು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತಿದ್ದಾರಾ ನೋಡಿ. ಹಾಗಿದ್ದರೆ ಆಟೋ ಕರೆಕ್ಷನ್ ಆಫ್ ಮಾಡಿ ಪ್ರಯೋಜನವಿಲ್ಲ. ಮಗು ‘ಡಿ’ ಒತ್ತಲಿ, ‘ಡಿ–ಎಚ್’ ಒತ್ತಲಿ, ‘ವಿದ್ಯಾರ್ಥಿ’ಯೇ ಮುಂದೆ ಬಂದು ಕೂರುತ್ತದೆ. ನ–ಣ, ಲ–ಳ, ಶ–ಷ ಯಾವುದೆಂದು ಆರಿಸುವುದು ಕೀಬೋರ್ಡಿನ ನಿಘಂಟು. ಅಂಥ ಪರೀಕ್ಷೆಯಲ್ಲಿ ಮಗುವಿಗೆ ಏನು ಬರುತ್ತದೆ ಅನ್ನೋದು ಗೊತ್ತೇ ಆಗುವುದಿಲ್ಲ.

ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜಸ್, ಅದರಲ್ಲಿ ಕನ್ನಡ ತೆರೆದು, ಹೀಗೆ ಇಂಗ್ಲಿಷ್ ಅಕ್ಷರದಿಂದ ಕನ್ನಡ ಬರಿಸುವ ಲಿಪ್ಯಂತರ ಕೀಬೋರ್ಡ್ ತೆಗೆಸಿ. ಕನ್ನಡ ಅಕ್ಷರಗಳಿರುವುದೊಂದೇ ಇರಲಿ. ಆಮೇಲೆ ಸಜೆಶನ್ ಸ್ಟ್ರಿಪ್ (ಪದ ಸೂಚಿಸುವ ಪಟ್ಟಿ), ಗ್ಲೈಡ್ ಟೈಪಿಂಗ್ (ಬೆರಳು ಎಳೆದು ಬರೆಯುವುದು), ವಾಯ್ಸ್ ಟೈಪಿಂಗ್ ಮೂರನ್ನೂ ಆಫ್ ಮಾಡಿಸಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮೈಕ್ ಒತ್ತಿ ಪದ ಹೇಳಿದರೆ ಮುಗಿಯಿತು, ಅದೇ ಬರೆದುಕೊಡುತ್ತದೆ.

ಒಂದು ಎಚ್ಚರಿಕೆ: ಅಕ್ಷರ ಕೀಬೋರ್ಡಿನಲ್ಲಿ ‘ವಿದ್ಯಾರ್ಥಿ’ಗೆ 10 ಸಲ ಒತ್ತಬೇಕು: ವ, ಿ, ದ, ್, ಯ, ಾ, ರ, ್, ಥ, ಿ. ಅರ್ಕಾವತ್ತು ಬರಬೇಕಾದರೆ ರ ಮೊದಲು, ಥ ಆಮೇಲೆ. ಇದು ಗೊತ್ತಿಲ್ಲದ ಮಗು ಕಾಗುಣಿತ ಬಂದರೂ ತಪ್ಪು ಮಾಡುತ್ತದೆ. ಅಂಕವಿಲ್ಲದ ಅಭ್ಯಾಸ ಎರಡು ಸಲವಾದರೂ ಮಾಡಿಸಿ, ಪದಕ್ಕೆ 40 ಸೆಕೆಂಡ್ ಕೊಡಿ.

ಉತ್ತರ 2
ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಪದದ ಕೆಳಗೆ ಬರುವ ಕೆಂಪು ಗೆರೆ ಬೇರೆ ಕಡೆಯಿಂದ ಬರುತ್ತದೆ. ಅದೂ ಸುಳಿವೇ, ಗೆರೆ ಹೋಗುವ ತನಕ ಮಗು ಅಕ್ಷರ ಬದಲಿಸುತ್ತಲೇ ಇರುತ್ತದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ಸ್ಪೆಲ್ ಚೆಕರ್’ ಎಂದು ಹುಡುಕಿ ಆಫ್ ಮಾಡಬೇಕು. ಕಂಪ್ಯೂಟರಿನಲ್ಲಾದರೆ ಕ್ರೋಮ್ ಸೆಟ್ಟಿಂಗ್ಸ್, ಲ್ಯಾಂಗ್ವೇಜಸ್, ಸ್ಪೆಲ್ ಚೆಕ್. ಸ್ಯಾಮ್‌ಸಂಗ್ ಫೋನಿನಲ್ಲಿ ಅದರದ್ದೇ ಕೀಬೋರ್ಡ್ ಇದ್ದರೆ ‘ಪ್ರೆಡಿಕ್ಟಿವ್ ಟೆಕ್ಸ್ಟ್’ ತೆಗೆಯಿರಿ.

ಐಪ್ಯಾಡ್: ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್. ಆಟೋ ಕರೆಕ್ಷನ್, ಪ್ರೆಡಿಕ್ಟಿವ್, ಚೆಕ್ ಸ್ಪೆಲಿಂಗ್, ಡಿಕ್ಟೇಷನ್ ನಾಲ್ಕೂ ಆಫ್.

ಶಾಲೆಯ ಲ್ಯಾಬ್ ಸಿಗುವುದಾದರೆ ಅಲ್ಲೇ ಮಾಡಿಸಿ ಅನ್ನುತ್ತೇನೆ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಆಗಲಿ ನುಡಿ ತಂತ್ರಾಂಶವಾಗಲಿ, ಒತ್ತಿದ್ದನ್ನು ಮಾತ್ರ ಮೂಡಿಸುತ್ತವೆ. ನುಡಿಯನ್ನು ಯೂನಿಕೋಡ್‌ಗೆ ಇಟ್ಟಿರಬೇಕು, ಇಲ್ಲದಿದ್ದರೆ ಫಾರ್ಮ್‌ನಲ್ಲಿ ಅರ್ಥವಾಗದ ಚಿಹ್ನೆಗಳು ಬರುತ್ತವೆ.

ಪ್ರಶ್ನೆ ಕೇಳಿದವರು
ಲಿಪ್ಯಂತರವೇ ಕಾರಣ, ಎಲ್ಲರೂ ಅದನ್ನೇ ಬಳಸುತ್ತಿದ್ದಾರೆ. ಕೀಬೋರ್ಡ್ ಬದಲಾಯಿಸಿದ ಮೇಲೆ ಫಾರ್ಮ್‌ನ ಆನ್ಸರ್ ಕೀಯನ್ನು (ಫಾರ್ಮ್ ತಾನೇ ಅಂಕ ಹಾಕಲು ನಾವು ಕೊಡುವ ಸರಿಯುತ್ತರ) ನಂಬಬಹುದಾ?

ಉತ್ತರ 3
ಪೂರ್ತಿ ನಂಬಬೇಡಿ ಮೇಡಂ. ಕಣ್ಣಿಗೆ ಒಂದೇ ಥರ ಕಾಣುವ ಪದಗಳು ಒಳಗೆ ಬೇರೆ ಬೇರೆ ಇರುತ್ತವೆ. ‘ಸಂಬಂಧ’ ಎಂದು ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದರೆ ‘ಸ೦ಬ೦ಧ’ ಆಗುತ್ತದೆ. ಫಾರ್ಮ್ ಅದಕ್ಕೆ ಸೊನ್ನೆ ಅಂಕ ಕೊಡುತ್ತದೆ, ಮಗುವಿಗೆ ಯಾಕೆಂದು ತಿಳಿಯುವುದಿಲ್ಲ. ‘ಸೂರ್ಯ’, ‘ಸೂರ‍್ಯ’ ಎರಡೂ ಸರಿಯಾದ ಬರಹ, ಎರಡನ್ನೂ ಕೀಯಲ್ಲಿ ಸೇರಿಸಿ. ‘ಬೇರೆಲ್ಲ ಉತ್ತರ ತಪ್ಪು’ ಎನ್ನುವ ಟಿಕ್ ಹಾಕಬೇಡಿ, ಅಂಕ ಬಿಡುಗಡೆಯನ್ನು ‘ಪರಿಶೀಲನೆಯ ನಂತರ’ ಎಂದಿಡಿ. ರೆಸ್ಪಾನ್ಸ್ ವ್ಯಾಲಿಡೇಶನ್ ಬಳಸಲೇಬೇಡಿ, ಕಳಿಸುವ ಮೊದಲೇ ತಪ್ಪೆಂದು ತೋರಿಸಿಬಿಡುತ್ತದೆ.

ಉತ್ತರಗಳನ್ನು ಶೀಟ್‌ಗೆ ತೆಗೆದು, ಕಂಟ್ರೋಲ್ ಎಫ್ ಒತ್ತಿ ಕನ್ನಡ ಅಂಕಿಯ ಸೊನ್ನೆ ೦ ಹುಡುಕಿ. ಸಿಕ್ಕವನ್ನೆಲ್ಲ ಅನುಸ್ವಾರಕ್ಕೆ ಬದಲಾಯಿಸಿ ಓದಿ ನೋಡಿ, ಅಂಕವನ್ನು ಫಾರ್ಮ್‌ನಲ್ಲಿ ಕೈಯಿಂದಲೇ ತಿದ್ದಿ.