ಮೊದಲನೇ ನಾಯಿ, ಅದೂ ದತ್ತು ನಾಯಿ: ಯಾವುದನ್ನ ತರೋದು?

ನಮಸ್ಕಾರ. ವಿಜಯನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾನು ಸ್ಕೂಲ್ ಟೀಚರ್, ಯಜಮಾನ್ರಿಗೆ ವಾರಕ್ಕೆ ಮೂರು ದಿನ ಆಫೀಸು. ಹಗಲು ಮನೇಲಿ ಅತ್ತೆ ಇರ್ತಾರೆ, ಅರವತ್ತೆಂಟು ವರ್ಷ, ಮಂಡಿ ನೋವು. ಮಗಳಿಗೆ ಏಳು. ನಮ್ಮಲ್ಲಿ ಮೊಟ್ಟೆ ಕೂಡ ತರಲ್ಲ. ನಾಯಿ ಸಾಕಿ ಗೊತ್ತಿಲ್ಲ, ಆದ್ರೆ ದುಡ್ಡು ಕೊಟ್ಟು ತರೋದು ಬೇಡ, ದತ್ತು ತಗೊಳ್ಳೋಣ ಅಂತ ಇದೆ. ಮಗಳಿಗೆ ಮರಿನೇ ಬೇಕು. ಯಜಮಾನ್ರು ವಾಟ್ಸಾಪ್‌ನಲ್ಲಿ ಬಂದ ‘ಹಸ್ಕಿ, ಒಂದು ವರ್ಷ, ಉಚಿತ’ ಅನ್ನೋ ಫೋಟೋ ಹಿಡ್ಕೊಂಡು ಕೂತಿದ್ದಾರೆ. ದೀಪಾವಳಿಗೆ ಮೂರು ವಾರ ಇದೆ, ಹೇಗೂ ರಜೆ, ಆಗಲೇ ತರೋಣ ಅಂತ ಯೋಚನೆ. ಸಾಕಿರೋರು ನಿಮ್ಮ ಅನುಭವ ಹೇಳಿ.

ರಾಜಾಜಿನಗರದಿಂದ

ಯಾವ ನಾಯಿ ಅನ್ನೋದು ಆಮೇಲೆ. ದೀಪಾವಳಿ ಮುಗಿಯೋವರೆಗೆ ಯಾವುದನ್ನೂ ತರಬೇಡಿ. ಹೊಸ ಮನೆ, ಹೊಸ ಜನ, ಅದರ ಮೇಲೆ ಪಟಾಕಿ ಸರ. ನಮ್ಮ ಪಕ್ಕದ ಮನೆಯವರು ನರಕ ಚತುರ್ದಶಿ ಹಿಂದಿನ ದಿನ ಒಂದು ನಾಯಿ ತಂದ್ರು. ಬೆಳಿಗ್ಗೆ ಹಾಲಿನವನಿಗೆ ಬಾಗಿಲು ತೆಗೆದಿದ್ದೇ ತಡ, ಕಾಲ ಸಂದಿಯಲ್ಲಿ ನುಸುಳಿ ಮೆಟ್ಟಿಲಿಳಿದು ಓಡಿತು. ಹನ್ನೊಂದು ದಿನ ಹುಡುಕಿದ್ರು. ಬೆಲ್ಟಿನ ಮೇಲೆ ಫೋನ್ ನಂಬರ್ ಕೂಡ ಬರೆಸಿರಲಿಲ್ಲ. ನಿಮಗೆ ಮೂರು ವಾರ ಇದೆಯಲ್ಲ, ಅದರಲ್ಲಿ ನಾಲ್ಕು ಕಡೆ ಹೋಗಿ ನೋಡ್ಕೊಂಡು ಬನ್ನಿ, ಸಾಕು.

ಬನಶಂಕರಿಯಿಂದ

ನಾನು ಆರಿಸಿದ ರೀತಿಯೇ ತಪ್ಪಾಗಿತ್ತು, ಅದನ್ನ ಹೇಳ್ತೀನಿ. ನಿಮಗೆ ಉಪಯೋಗ ಆಗಬಹುದು.

ಐದು ವರ್ಷದ ಹಿಂದೆ ಒಂದು ದತ್ತು ಕ್ಯಾಂಪಿಗೆ ಹೋದೆ. ಇಪ್ಪತ್ತು ಇಪ್ಪತ್ತೈದು ನಾಯಿ, ಶಾಮಿಯಾನ, ಮೈಕು, ಮಕ್ಕಳ ಗಲಾಟೆ. ಎಲ್ಲವೂ ಬೊಗಳ್ತಾ ಮೈಮೇಲೆ ಎಗರ್ತಾ ಇದ್ವು. ಒಂದು ಕಂದು ಹೆಣ್ಣು ನಾಯಿ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿತ್ತು. ತಲೆ ಸವರಿದೆ, ಮಿಸುಕಲಿಲ್ಲ. ಪಾಪ ಎಷ್ಟು ಸಾಧು ಅಂದ್ಕೊಂಡು ಅಲ್ಲೇ ಸಹಿ ಹಾಕಿದೆ.

ಅದು ಸಾಧುವಾಗಿರಲಿಲ್ಲ, ಭಯಕ್ಕೆ ಮರಗಟ್ಟಿ ಹೋಗಿತ್ತು. ಮನೆಗೆ ಬಂದಿದ್ದೇ ದಿವಾನದ ಕೆಳಗೆ ಸೇರ್ಕೊಂಡಿತು. ಕುಕ್ಕರ್ ಮೊದಲನೇ ಸಲ ಕೂಗಿದಾಗ ಮಲಗಿದ್ದಲ್ಲೇ ಉಚ್ಚೆ. ಹಗಲು ತಟ್ಟೆ ಮೂಸಿಯೂ ನೋಡ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ, ದೀಪ ಆರಿಸಿ ಎಷ್ಟೋ ಹೊತ್ತಾದ ಮೇಲೆ, ಸ್ಟೀಲ್ ತಟ್ಟೆ ನೆಲದ ಮೇಲೆ ಸರಿಯೋ ಸದ್ದು ಕೇಳ್ತಿತ್ತು. ನಾನು ಉಸಿರು ಬಿಗಿ ಹಿಡ್ಕೊಂಡು ಮಲಗಿರ್ತಿದ್ದೆ, ಮಗ್ಗಲು ಬದಲಿಸಿದ್ರೆ ನಿಲ್ಲಿಸಿಬಿಡುತ್ತೇನೋ ಅಂತ. ಮೆಟ್ಟಿಲು ಇಳಿಸೋಕೆ ಎರಡು ತಿಂಗಳು ಹಿಡೀತು. ಈಗ ಅದು ನಮ್ಮ ಮನೆ ಯಜಮಾನಿ, ಅದು ಬೇರೆ ವಿಷಯ. ಆದ್ರೂ ಸಿಲಿಂಡರ್ ಉರುಳಿಸೋ ಸದ್ದಿಗೆ ಇವತ್ತಿಗೂ ದಿವಾನದ ಕೆಳಗೇ. ನಾನು ಒಬ್ಬನೇ, ಮನೆಯಿಂದ್ಲೇ ಕೆಲಸ, ಹೇಗೋ ನಡೀತು. ಮಗು, ವಯಸ್ಸಾದೋರು, ಬಂದುಹೋಗೋ ಜನ ಇರೋ ಮನೇಲಿ ಅಂಥ ನಾಯಿಗೂ ಹಿಂಸೆ, ನಿಮಗೂ ಹಿಂಸೆ.

ಹಾಗಾದ್ರೆ ಏನು ನೋಡಬೇಕು? ನಾಯಿ ಹೆದರುತ್ತೋ ಇಲ್ವೋ ಅಲ್ಲ, ಹೆದರಿದ ಮೇಲೆ ಎಷ್ಟು ಬೇಗ ಸುಧಾರಿಸ್ಕೊಳ್ಳುತ್ತೆ ಅಂತ. ಹತ್ತಡಿ ದೂರದಲ್ಲಿ ಬೀಗದ ಕೈ ಗೊಂಚಲು ಕೆಳಗೆ ಬೀಳಿಸಿ. ಬೆಚ್ಚಿಬಿದ್ದು, ಅರ್ಧ ನಿಮಿಷದಲ್ಲಿ ಬಂದು ಅದನ್ನ ಮೂಸಿ ನೋಡೋ ನಾಯಿ ಮೊದಲ ಸಲದವರಿಗೆ ಹೇಳಿ ಮಾಡಿಸಿದ್ದು. ಐದು ನಿಮಿಷ ಆದ್ರೂ ಬಾಲ ಹೊಟ್ಟೆ ಕೆಳಗೇ ಇದ್ರೆ, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡ್ತಿದ್ರೆ, ಸುಮ್ಮಸುಮ್ಮನೆ ತುಟಿ ನೆಕ್ಕೊಳ್ತಾ ಇದ್ರೆ, ಬಾಯಿ ಹತ್ರ ಹಿಡಿದ ಬಿಸ್ಕೆಟ್ ಕೂಡ ಮುಟ್ಟದಿದ್ರೆ ಅದಕ್ಕೆ ಅನುಭವಸ್ಥರು ಬೇಕು. ತಾನಾಗಿ ನಿಮ್ಮ ಹತ್ರ ಬರಬೇಕು, ಮೂಸಬೇಕು, ಆಚೆ ಹೋಗಿ ಮತ್ತೆ ಬರಬೇಕು. ಬಂದಿದ್ದೇ ಎದೆ ಮೇಲೆ ಕಾಲು ಹಾಕೋದಕ್ಕೆ ಮಗಳು ಖುಷಿಪಡ್ತಾಳೆ, ಆದ್ರೆ ಅತ್ತೆ ಮಂಡಿ ನೆನಪಿಟ್ಕೊಳ್ಳಿ.

ಒಂದೇ ಸಲ ನೋಡಿ ಒಪ್ಪಬೇಡಿ. ಮೂರು ಸಲ ಹೋಗಿ, ಬೇರೆ ಬೇರೆ ಹೊತ್ತಲ್ಲಿ. ಹೆಣ್ಣು ನೋಡೋ ಶಾಸ್ತ್ರಕ್ಕೆ ಹೋದಂಗೆ ಉಪ್ಪಿಟ್ಟು ತಿಂದು ಬರೋದಲ್ಲ, ಹಗ್ಗ ಕೇಳಿ ಇಸ್ಕೊಂಡು ಅರ್ಧ ಗಂಟೆ ರಸ್ತೇಲಿ ನಡೆಸಿ.

ಕೆಂಗೇರಿಯಿಂದ

ಮರಿಗಳನ್ನ ಮನೇಲಿ ಇಟ್ಕೊಂಡು ದತ್ತು ಹೋಗೋವರೆಗೆ ನೋಡ್ಕೊಳ್ಳೋ ಕೆಲಸ, ಫಾಸ್ಟರ್ ಅಂತಾರಲ್ಲ, ಅದನ್ನ ಏಳೆಂಟು ವರ್ಷದಿಂದ ಮಾಡ್ತಿದ್ದೀನಿ. ನಿಮ್ಮ ಮಗಳು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ: ಮರಿ ಬೇಡ.

ಮೂರು ತಿಂಗಳ ಮರಿ ಹೆಚ್ಚಂದ್ರೆ ಮೂರ್ನಾಲ್ಕು ಗಂಟೆ ಉಚ್ಚೆ ತಡೆಯುತ್ತೆ. ಹಗಲೆಲ್ಲ ಅದನ್ನ ಒರೆಸೋರು ಯಾರು? ಮಂಡಿ ನೋವಿನ ಅತ್ತೆ. ಲಸಿಕೆಗಳೆಲ್ಲ ಮುಗಿಯೋವರೆಗೆ, ಅಂದ್ರೆ ಸುಮಾರು ನಾಲ್ಕು ತಿಂಗಳು ತುಂಬೋವರೆಗೆ, ಬೇರೆ ನಾಯಿಗಳು ಓಡಾಡಿದ ನೆಲದ ಮೇಲೆ ಇಳಿಸೋ ಹಾಗಿಲ್ಲ, ಪಾರ್ವೋ ಅನ್ನೋ ವೈರಸ್ ರೋಗದ ಭಯ. ವಾಂತಿ, ರಕ್ತಭೇದಿ ಶುರುವಾದ್ರೆ ಒಂದೆರಡು ದಿನದಲ್ಲೇ ಮರಿ ಕೈಬಿಟ್ಟು ಹೋಗುತ್ತೆ, ನನ್ನ ಕೈಯಲ್ಲೇ ಎರಡು ಹೋಗಿವೆ. ಅದಾದ ಮೇಲೆ ಹಾಲುಹಲ್ಲು ಬೀಳೋ ಕಾಲ, ಚಪ್ಪಲಿ, ಚಾರ್ಜರ್, ಮಂಚದ ಕಾಲು. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ತಿಂಗಳ ಮರಿ ಬೆಳೆದು ಎಂಥ ನಾಯಿ ಆಗುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ಎರಡು ವರ್ಷದ ನಾಯಿ ಏನೋ ಅದೇ. ಎತ್ತರ ಗೊತ್ತು, ಗುಣ ಗೊತ್ತು. ನಮ್ಮ ಊರಿನ ನಾಡು ನಾಯಿ, ‘ಇಂಡಿ’ ಅಂತಾರಲ್ಲ, ಅದು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಕೆಜಿ, ಗಿಡ್ಡ ಕೂದಲು, ಇಲ್ಲಿನ ಹವೆಗೆ ಹೊಂದಿದ್ದು.

ಅದಕ್ಕೇ ಶೆಲ್ಟರ್‌ಗಿಂತ ಫಾಸ್ಟರ್ ಮನೇಲಿರೋ ನಾಯಿ ಹುಡುಕಿ. 1991ರಿಂದ ಇರೋ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳನ್ನ ವಿಚಾರಿಸಿದ್ರೂ ಅಂಥ ನಾಯಿಗಳ ಸುಳಿವು ಸಿಗಬಹುದು. ಫಾಸ್ಟರ್‌ನ ಕೇಳಬೇಕಾದ್ದು ‘ಒಳ್ಳೇ ನಾಯಿನಾ’ ಅಂತ ಅಲ್ಲ, ನಾವೆಲ್ಲ ಹೌದು ಅಂತಲೇ ಹೇಳ್ತೀವಿ. ಹೀಗೆ ಕೇಳಿ: ಒಂಟಿಯಾಗಿ ಎಷ್ಟು ಹೊತ್ತು ಇದ್ದು ಅಭ್ಯಾಸ? ಮಿಕ್ಸಿ ಹಾಕಿದಾಗ ಏನು ಮಾಡುತ್ತೆ? ಊಟ ಮಾಡುವಾಗ ತಟ್ಟೆ ಹತ್ರ ಹೋದ್ರೆ? ಕಾಲು ಹಿಡಿದು ಉಗುರು ನೋಡೋಕೆ ಬಿಡುತ್ತಾ? ಮಕ್ಕಳಿರೋ ಮನೇಲಿ ಇತ್ತಾ? ಯಾರಾದ್ರೂ ದತ್ತು ತಗೊಂಡು ವಾಪಸ್ ತಂದುಬಿಟ್ಟಿದ್ರಾ, ಯಾಕೆ? ಈ ಕೊನೇ ಪ್ರಶ್ನೆಗೆ ತಡವರಿಸಿದ್ರೆ ಇನ್ನೊಂದು ಕಪ್ ಕಾಫಿ ಕುಡ್ಕೊಂಡು ಕೂತ್ಕೊಳ್ಳಿ, ಉತ್ತರ ಬರುತ್ತೆ.

ಬಿಟಿಎಂ ಲೇಔಟಿಂದ

ನಮ್ಮೂರ ಜಮಖಂಡಿ ಕಡಿ, ಈಗ ಹತ್ತ ವರ್ಷಾತು ಬೆಂಗಳೂರಾಗ. ಹಸ್ಕಿ ಬ್ಯಾಡ್ರೀ ಅಕ್ಕಾರ. ಹಿಮದಾಗ ಗಾಡಿ ಎಳ್ಯಾಕ ಹುಟ್ಟಿದ್ದು, ಮೈಮ್ಯಾಲ ಎರಡ ಪದರ ಕೂದ್ಲ. ನಿಮ್ಮ ಎರಡನೇ ಮಾಳಿಗ್ಯಾಗ ಏಪ್ರಿಲ್ ತಿಂಗಳದಾಗ ಏನ್ ಮಾಡತೈತಿ? ವರ್ಷ ತುಂಬಿದ ಹಸ್ಕಿನ ಯಾಕ ಸುಮ್ನ ಕೊಡಾಕತ್ತಾರ ಅಂತ ಕೇಳ್ರಿ ಮೊದ್ಲ. ಮತ್ತ ಯಾರರ ‘ನಮ್ಮ ಕರ್ನಾಟಕದ್ದ ತಳಿ’ ಅಂತ ಮುಧೋಳ ನಾಯಿ ಹೇಳಿದ್ರ ಅದಕ್ಕೂ ಒಲ್ಲೆ ಅನ್ರಿ. ಮುಧೋಳದ ಬಾಜೂ ಊರಾಂವ ಅಂತನ ಹೇಳಾಕತ್ತೀನಿ. ಮೊಲ ಕಂಡ್ರ ಹೊಲ ದಾಟಿ ಓಡೋ ನಾಯಿ ಅದು. ಕಣ್ಣಿಗೆ ಬೆಕ್ಕ ಬಿದ್ರ ಸಾಕು, ನಿಮ್ಮ ಕೈಯಾಗಿನ ಹಗ್ಗ ಉಳಿಯಂಗಿಲ್ಲ.

ಮಲ್ಲೇಶ್ವರದಿಂದ

ನಮ್ಮದೂ ನಿಮ್ಮಂಥದೇ ಮನೆ. ನಮ್ಮತ್ತೆ ಮಡಿ ಅಂದ್ರೆ ಮಡಿ. ನಾಲ್ಕು ವರ್ಷ ಆಯ್ತು, ಇವತ್ತಿಗೂ ಅವರು ನಾಯಿನ ಮುಟ್ಟಲ್ಲ, ಅದೂ ಅವರ ತಂಟೆಗೆ ಹೋಗಲ್ಲ. ‘ಅತ್ತೆ ಆಮೇಲೆ ಕರಗ್ತಾರೆ’ ಅನ್ನೋ ಲೆಕ್ಕದಲ್ಲಿ ತರಬೇಡಿ, ಕರಗದಿದ್ರೂ ನಡೆಯೋ ಅಂಥ ನಾಯಿ ತನ್ನಿ. ನಾವು ಆರಿಸುವಾಗ ನೋಡಿದ್ದು ಎರಡೇ: ಜನರ ಮೇಲೆ ಎಗರಬಾರದು, ಹಗ್ಗ ಜಗ್ಗಬಾರದು. ಅಡುಗೆಮನೆ ಬಾಗಿಲಿಗೆ ಮಕ್ಕಳಿಗೆ ಹಾಕೋ ಗೇಟು ಹಾಕಿಸಿದ್ವಿ. ಆರು ತಿಂಗಳಿಗೆ ಗೇಟು ತೆಗೆದ್ರೂ ಹೊಸ್ತಿಲ ಆಚೆಗೇ ಮೂಗು ಇಟ್ಕೊಂಡು ಮಲಗುತ್ತೆ.

ಊಟದ ವಿಷಯ. ನಾಯಿ ಬೆಕ್ಕಿನ ಥರ ಅಲ್ಲ, ಅನ್ನ, ತರಕಾರಿನೂ ಅರಗಿಸ್ಕೊಳ್ಳುತ್ತೆ. ಆದ್ರೆ ಬರೀ ಮೊಸರನ್ನ ಹಾಕಿ ಸಾಕಿದ್ರೆ ಪ್ರೋಟೀನ್ ಸಾಲಲ್ಲ. ನಾವು ಪ್ಯಾಕೆಟ್ ಡಾಗ್ ಫುಡ್ ಜೊತೆಗೆ ಪನೀರು, ಬೇಯಿಸಿದ ಸಿಹಿಗುಂಬಳ ಹಾಕ್ತೀವಿ. ಪ್ಯಾಕೆಟ್‌ನಲ್ಲಿ ಮಾಂಸ ಇರುತ್ತೆ, ಅದಕ್ಕೆ ಬಾಲ್ಕನೀಲಿ ಬೇರೆ ಡಬ್ಬ, ಬೇರೆ ಸೌಟು. ಇದನ್ನ ಅತ್ತೆ ಹತ್ರ ಮೊದಲೇ ಮಾತಾಡ್ಕೊಳ್ಳಿ. ಈರುಳ್ಳಿ ಹಾಕಿದ ಹುಳಿ, ಚಾಕೊಲೇಟ್ ಕೊಡಬಾರದು. ಒಣದ್ರಾಕ್ಷಿಯಂತೂ ಮೂತ್ರಪಿಂಡಕ್ಕೇ ಪೆಟ್ಟು, ಹಬ್ಬದ ದಿನ ಪ್ರೀತಿಗೆ ಅಂತ ಪಾಯಸ ಹಾಕೋರು ತುಂಬಾ ಜನ.

ನಾಗರಬಾವಿಯಿಂದ

ಬಾಡಿಗೆ ಮನೆ ಅಂದ್ರಿ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕಬಾರದು ಅಂತ ನಿಷೇಧ ಹಾಕೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದ್ರೆ ನಿಮ್ಮ ಓನರ್ ಜೊತೆ ಆ ಕಾಗದ ಹಿಡ್ಕೊಂಡು ವಾದ ಮಾಡಿದ್ರೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ದಿನ ಮನೆ ಖಾಲಿ. ಮೊದಲೇ ಕೇಳಿ, ಒಪ್ಪಿದ್ದನ್ನ ಒಂದು ಮೆಸೇಜ್‌ನಲ್ಲಾದ್ರೂ ಬರೆಸ್ಕೊಳ್ಳಿ. ಪಾಲಿಕೆ ಲೈಸೆನ್ಸ್‌ಗೆ ರೇಬಿಸ್ ಲಸಿಕೆ ಸರ್ಟಿಫಿಕೇಟ್ ಬೇಕು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಆಗಿವೆ, ನಿಮ್ಮದು ಯಾವುದು ಅಂತ ನೋಡ್ಕೊಳ್ಳಿ.

ಆ ಉಚಿತ ಹಸ್ಕಿ ಬಗ್ಗೆ: ‘ನಾಯಿ ಫ್ರೀ, ಸಾಗಾಣಿಕೆಗೆ ಮುಂಗಡ ಕಳಿಸಿ’ ಅಂತ ಬಂದ್ರೆ ಕಳಿಸಬೇಡಿ. ನನ್ನ ಭಾವಮೈದ ನಾಲ್ಕು ಸಾವಿರ ಕಳಿಸಿ ಇನ್ನೂ ಕಾಯ್ತಾ ಇದ್ದಾನೆ. ಸರಿಯಾದ ದತ್ತು ಕೊಡೋರು ದುಡ್ಡಿಗಿಂತ ಪ್ರಶ್ನೆ ಜಾಸ್ತಿ ಕೇಳ್ತಾರೆ, ಮನೆ ನೋಡೋಕೆ ಬರ್ತಾರೆ, ಬಾಲ್ಕನಿ ಕಂಬಿ ಸಂದಿ ಎಷ್ಟಿದೆ ಅಂತ ಕೈ ತೂರಿಸಿ ನೋಡ್ತಾರೆ. ಅದಕ್ಕೆ ಸಿಟ್ಟಾಗಬೇಡಿ.

ಬಸವೇಶ್ವರನಗರದಿಂದ

ಇಷ್ಟೆಲ್ಲ ಯಾಕೆ, ನಿಮ್ಮ ಬೀದೀಲೇ ಒಂದು ಇರುತ್ತಲ್ಲ, ಅದನ್ನೇ ಒಳಗೆ ಕರ್ಕೊಳ್ಳಿ. 2023ರ ಬಿಬಿಎಂಪಿ ಗಣತಿ ಪ್ರಕಾರ ಊರಲ್ಲಿ 2.79 ಲಕ್ಷ ಬೀದಿ ನಾಯಿ ಇದ್ವು, ಕೊರತೆ ಏನಿಲ್ಲ.

ಕೆಂಗೇರಿಯಿಂದ ಮತ್ತೆ

ಮೇಲಿನವರಿಗೆ: ಕೆಲವಕ್ಕೆ ಸರಿ ಹೋಗುತ್ತೆ, ಎಲ್ಲಕ್ಕೂ ಅಲ್ಲ ಸರ್. ಕಿವಿ ತುದಿ ಕತ್ತರಿಸಿದ ಗುರುತಿದ್ದು, ಅಂದ್ರೆ ಮರಿ ಆಗದ ಹಾಗೆ ಆಪರೇಷನ್ ಆಗಿದ್ದು, ನಾಲ್ಕು ಮನೆಯವರು ಅನ್ನ ಹಾಕ್ತಾ, ಕಾರಿನ ಕೆಳಗೆ ನೆಮ್ಮದಿಯಾಗಿ ಮಲಗೋ ದೊಡ್ಡ ನಾಯಿಗೆ ಆ ಬೀದಿನೇ ಮನೆ. ಅದನ್ನ ತಂದು ಬಾಗಿಲು ಹಾಕಿದ್ರೆ ರಾತ್ರಿಯೆಲ್ಲ ಊಳಿಡುತ್ತೆ. ತಾನಾಗಿ ಮೆಟ್ಟಿಲು ಹತ್ತಿ ಬಂದು ಕಾಲೊರಸಿನ ಮೇಲೆ ಮಲಗೋದಾದ್ರೆ ಆಗ ಯೋಚನೆ ಮಾಡಿ.

ಎಲ್ಲಿಂದ ತಂದ್ರೂ ಮೊದಲ ವಾರವೇ ಡಾಕ್ಟರ್ ಹತ್ರ ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿ ಜ್ವರ ಈ ಊರಲ್ಲಿ ಮಾಮೂಲು. ಊಟ ಬಿಡೋದು, ಒಸಡು ಬಿಳಿಚಿಕೊಳ್ಳೋದು, ಮೂಗಲ್ಲಿ ರಕ್ತ ಕಂಡ್ರೆ ನಾಳೆ ಅನ್ನಬೇಡಿ. ಖರ್ಚಿನ ಭಯ ಇದ್ರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಗಳಿಗೆ ಪರಚಿದ್ರೂ ಸರಿ, ಕಚ್ಚಿದ್ರೂ ಸರಿ, ಸೋಪು ಹಾಕಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅರಿಶಿನ ಹಚ್ಚೋದು ಬೇಡ.

ಜಯನಗರದಿಂದ

ಒಂದು ಅಡ್ಡಮಾತು. ನಮ್ಮ ಹತ್ರ ಇದ್ದದ್ದು ಪ್ರಯೋಗಾಲಯದಿಂದ ಬಿಡಿಸ್ಕೊಂಡು ಬಂದ ಬೀಗಲ್. ಕಿವಿ ಒಳಗೆ ಹಚ್ಚೆ ಹಾಕಿದ ನಂಬರ್ ಇತ್ತು. ಹುಲ್ಲಿನ ಮೇಲೆ ಮೊದಲ ಸಲ ಇಳಿಸಿದಾಗ ಕಾಲನ್ನ ಒಂದೊಂದಾಗಿ ಎತ್ತಿ ಒದರ್ತಿತ್ತು, ನೀರು ಮೆಟ್ಟಿದ ಬೆಕ್ಕಿನ ಹಾಗೆ. ಮೂರು ದಿನ ಬೆಪ್ಪಾಗಿರುತ್ತೆ, ಮೂರು ವಾರಕ್ಕೆ ನಿಜವಾದ ಬುದ್ಧಿ ತೋರಿಸುತ್ತೆ, ಮೂರು ತಿಂಗಳಿಗೆ ನಮ್ಮ ಮನೆಯದಾಗುತ್ತೆ ಅಂತ ನಾಯಿ ಸಾಕೋರಲ್ಲಿ ಒಂದು ಮಾತಿದೆ. ನಮ್ಮದಕ್ಕೆ ಒಂಬತ್ತು ತಿಂಗಳು ಹಿಡೀತು. ಹಾಗಾಗಿ ಮೊದಲ ವಾರ ಸುಮ್ಮನಿದೆ ಅಂತ ನೆಂಟರನ್ನೆಲ್ಲ ಕರೆದು ತೋರಿಸಬೇಡಿ.

ವಿಜಯನಗರದಿಂದ, ಕೇಳಿದವರು

ಎಲ್ಲರಿಗೂ ಧನ್ಯವಾದ. ಹಬ್ಬ ಮುಗೀತು, ಸುದ್ದಿ ಹೇಳ್ತೀನಿ. ಹಸ್ಕಿಯವರಿಗೆ ಯಜಮಾನ್ರು ಫೋನ್ ಮಾಡಿ ಮನೆಗೇ ಬಂದು ನೋಡ್ತೀವಿ ಅಂದ್ರು, ಆಮೇಲೆ ಆ ನಂಬರ್ ಎತ್ತಲೇ ಇಲ್ಲ.

ಉತ್ತರಹಳ್ಳಿ ಕಡೆ ಒಬ್ಬ ಫಾಸ್ಟರ್ ಮನೇಲಿ ಎರಡೂವರೆ ವರ್ಷದ ಹೆಣ್ಣು ನಾಯಿ ನೋಡಿದ್ವಿ. ಬೀಗದ ಕೈ ಬೀಳಿಸಿದೆ. ಬೆಚ್ಚಿ ಸೋಫಾ ಹಿಂದೆ ಹೋಯ್ತು, ನಾನು ಎಣಿಸ್ತಾ ಇದ್ದೆ, ಇಪ್ಪತ್ತೆರಡಕ್ಕೆ ಹೊರಗೆ ಬಂದು ಗೊಂಚಲು ಮೂಸಿ ಯಜಮಾನ್ರ ಕಾಲ ಹತ್ರ ಕೂತಿತು. ವಾಪಸ್ ತಂದುಬಿಟ್ಟಿದ್ರಾ ಅಂತ ಕೇಳಿದೆ. ಹೌದಂತೆ, ಒಂದು ಸಲ. ಮನೆಯವರು ಹನ್ನೆರಡು ಗಂಟೆ ಹೊತ್ತು ಬೀಗ ಹಾಕ್ಕೊಂಡು ಹೋಗ್ತಿದ್ರು, ಅದು ಬಾಗಿಲು ಕೆರೆದು ಇಟ್ಟಿತ್ತಂತೆ. ನಮ್ಮಲ್ಲಿ ಅತ್ತೆ ಇರ್ತಾರೆ, ಅದು ತೊಂದರೆ ಆಗಲ್ಲ ಅನ್ಸುತ್ತೆ. ಮಗಳಿಗೆ ‘ಮರಿ ಅಲ್ಲ’ ಅಂತ ಒಂದು ದಿನ ಅಳು, ಆಮೇಲೆ ಹೆಸರು ಹುಡುಕೋಕೆ ಶುರು ಮಾಡಿದ್ದಾಳೆ.

ಓನರ್ ಕೇಳಿದ್ದು ಒಂದೇ, ರಾತ್ರಿ ಬೊಗಳುತ್ತಾ ಅಂತ. ಫಾಸ್ಟರ್ ಹತ್ರ ಅದನ್ನ ಮಾತ್ರ ಕೇಳೋಕೆ ಮರೆತಿದ್ದೆ. ಭಾನುವಾರ ಮೂರನೇ ಸಲ ಹೋಗ್ತಿದ್ದೀವಿ, ಸಂಜೆ ಹೊತ್ತಿಗೆ. ಈ ಸಲ ಅತ್ತೆನೂ ಬರ್ತೀನಿ ಅಂದಿದ್ದಾರೆ. ದೂರದಿಂದ ನೋಡ್ತಾರಂತೆ.