ಹಿಪ್ಪೆ ಮರ ಕಡಿಸುವುದೇ, ಉಳಿಸುವುದೇ?

ಮದ್ದೂರಿನ ಓದುಗ: ನಮ್ಮ ಹೊಲದ ಬದುವಿನಲ್ಲಿ ತಾತನ ಕಾಲದ ಹಿಪ್ಪೆ ಮರವಿದೆ. ನೆರಳಿಗೆ ಕಬ್ಬು ಏಳುತ್ತಿಲ್ಲವೆಂದು ತಮ್ಮ ಕಡಿಸಲು ಹೊರಟಿದ್ದಾನೆ. ನನಗೆ ಮನಸ್ಸೊಪ್ಪುತ್ತಿಲ್ಲ. ಇದರ ಉಪಯೋಗ ಬಲ್ಲವರು ತಿಳಿಸುವಿರಾ?

ಮೈಸೂರಿನ ನಿವೃತ್ತ ಶಿಕ್ಷಕಿ: ದಯವಿಟ್ಟು ಕಡಿಸಬೇಡಿ! ಹಿಪ್ಪೆ, ಸಪೋಟ, ಬಕುಳ ಮೂರೂ ಸಪೋಟೇಸಿ ಕುಟುಂಬದವು. ತೊಗಟೆ ಗೀರಿದರೆ ಬಿಳಿ ಹಾಲು ಒಸರುತ್ತದೆ. ಆ ಹಾಲು ಲೋಕಕ್ಕೆ ಎಷ್ಟು ಉಪಕಾರ ಮಾಡಿದೆ ಗೊತ್ತೇ? ಮಧ್ಯ ಅಮೆರಿಕದಲ್ಲಿ ಸಪೋಟದ ಹಾಲನ್ನು ಕಾಯಿಸಿ ಚೂಯಿಂಗ್ ಗಮ್‌ಗೆ ಬಳಸಿದರು. ಆಗ್ನೇಯ ಏಷ್ಯಾದ ಗಟ್ಟಾಪರ್ಚಾ ಮರದ ಹಾಲು 1851ರಲ್ಲಿ ಇಂಗ್ಲೆಂಡ್‌–ಫ್ರಾನ್ಸ್ ನಡುವೆ ಸಮುದ್ರದಡಿ ಹಾಕಿದ ತಂತಿಗೆ ಹೊದಿಕೆಯಾಯಿತು. ಇಂದಿಗೂ ದಂತವೈದ್ಯರು ರೂಟ್ ಕೆನಾಲ್ ತುಂಬುವುದು ಅದರಿಂದಲೇ. ನಮ್ಮ ಹಿಪ್ಪೆಯ ಬೀಜದೆಣ್ಣೆ ದೇವರ ದೀಪಕ್ಕೆ, ಸಾಬೂನಿಗೆ ಆಗುತ್ತದೆ.

ಮಳವಳ್ಳಿಯ ರೈತ: ಮೇಡಂ ಮಾತು ನಿಜ. ಎಣ್ಣೆ ತೆಗೆದ ಹಿಂಡಿಯನ್ನು ನಾವು ಗದ್ದೆಗೆ ಗೊಬ್ಬರವಾಗಿ ಹಾಕುತ್ತೇವೆ. ದನಗಳಿಗೆ ಮಾತ್ರ ಹಾಗೆಯೇ ತಿನ್ನಿಸಬೇಡಿ ಅಣ್ಣ, ಅದರಲ್ಲಿ ಸಪೋನಿನ್ ಎಂಬ ವಿಷದ ಅಂಶವಿದೆ.

ಮದ್ದೂರಿನ ಓದುಗ: ತಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಬ್ಬಿನ ಕಡೆಯ ಕೊಂಬೆಗಳನ್ನಷ್ಟೇ ಸವರಿಸಲು ಒಪ್ಪಿದ್ದಾನೆ. ಹಿಪ್ಪೆ ಬೀಜ ಆಡಿಸುವ ಗಾಣ ಮಂಡ್ಯದ ಸುತ್ತಮುತ್ತ ಎಲ್ಲಿದೆ?